ನೀರಿನ ಬೆಲ್ ಹೊಡೆದರೆ ಸಾಕಾ? ಪುಟ್ಟ ಮಕ್ಕಳಿಗೆ ತಮ್ಮ ಕಾಳಜಿ ತಾವು ಮಾಡಿಕೊಳ್ಳಲು ಕಲಿಸುವ ಬಗ್ಗೆ

2019ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಒಂದು ಹೊಸ ಗಂಟೆ ಬಂತು. ನೀರು ಕುಡಿಯುವ ಗಂಟೆ. ಕೇರಳದ ಶಾಲೆಗಳ 'ವಾಟರ್ ಬೆಲ್' ಎಲ್ಲೆಡೆ ಸುದ್ದಿಯಾದ ಮೇಲೆ, ಆಗ ಪ್ರಾಥಮಿಕ ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಅದನ್ನು ಇಲ್ಲಿಯೂ ಶುರು ಮಾಡಲು ಹೇಳಿದರು. ಬೆಳಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೇ ಮನೆಗೆ ವಾಪಸ್ ಬರುತ್ತದೆ ಅನ್ನುವುದು ಎಲ್ಲ ತಾಯಂದಿರಿಗೂ ಗೊತ್ತು. ದಿನಕ್ಕೆ ಎರಡು ಮೂರು ಸಲ ಬೆಲ್ ಹೊಡೆದು, ಎಲ್ಲರೂ ಒಟ್ಟಿಗೆ ನೀರು ಕುಡಿದರೆ ಅಭ್ಯಾಸ ಆಗುತ್ತದೆ. ಒಳ್ಳೆಯ ಯೋಚನೆ, ಖರ್ಚೂ ಇಲ್ಲ.

ಆದರೆ ಮಕ್ಕಳು ಯಾಕೆ ನೀರು ಕುಡಿಯುವುದಿಲ್ಲ? ಮರೆತು ಹೋಗುತ್ತಾರೆ, ಆಟದಲ್ಲಿ ಮುಳುಗಿರುತ್ತಾರೆ, ಅದೂ ನಿಜ. ಆದರೆ ನಾಲ್ಕನೇ ಕ್ಲಾಸಿನ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ. ಹೋದರೆ ಅಲ್ಲಿ ನೀರಿಲ್ಲ, ಚಿಲಕ ಇಲ್ಲ, ಅಥವಾ ಬೀಗ ಹಾಕಿ ಬೀಗದ ಕೈಯನ್ನು ಆಫೀಸ್ ರೂಮಿನಲ್ಲಿ ಇಟ್ಟಿರುತ್ತಾರೆ. ಕ್ಲಾಸಿನ ಮಧ್ಯೆ ಕಿರುಬೆರಳು ಎತ್ತಿದರೆ, 'ಈಗ ತಾನೇ ಬಿಟ್ಟಿದ್ದಲ್ವಾ, ಆಗ ಏನ್ ಮಾಡ್ತಿದ್ದೆ?' ಅಂತ ಎಲ್ಲರೆದುರು ಬೈಸಿಕೊಳ್ಳಬೇಕು. ಹಾಗಾಗಿ ಆ ಹುಡುಗಿ ತನಗೆ ತಾನೇ ಒಂದು ಉಪಾಯ ಕಂಡುಕೊಂಡಿದ್ದಾಳೆ, ಸಂಜೆ ನಾಲ್ಕರವರೆಗೆ ಕುಡಿಯದೇ ಇರುವುದು. ಮೂತ್ರ ಕಟ್ಟಿಕೊಂಡರೆ ಸೋಂಕು ಬರುತ್ತದೆ, ನೀರು ಕಡಿಮೆಯಾದರೆ ಮಲಬದ್ಧತೆ, ತಲೆನೋವು. ಇದೆಲ್ಲ ಡಾಕ್ಟರ್‌ಗಳು ದಿನಾ ನೋಡುವ ವಿಷಯ. ಆದರೆ ಆ ಮಗುವಿಗೆ ನೀರಿನ ಮಹತ್ವ ಗೊತ್ತಿಲ್ಲ ಅಂತ ಹೇಳುವುದು ತಪ್ಪು. ಅವಳಿಗೆ ಚೆನ್ನಾಗಿ ಗೊತ್ತಿದೆ, ಪರಿಸರ ಅಧ್ಯಯನದಲ್ಲಿ ಬರೆದು ಮಾರ್ಕ್ಸೂ ತಗೊಂಡಿರುತ್ತಾಳೆ.

ನಾನು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಮ್ಮ ದೇಹ, ಮನಸ್ಸು ನೋಡಿಕೊಳ್ಳುವುದನ್ನು ಖಂಡಿತ ಕಲಿಸಬಹುದು, ಕಲಿಸಲೇಬೇಕು. ಆದರೆ ಮಗುವಿಗೆ ನಾವು ಕಲಿಸುವ ಪ್ರತಿಯೊಂದು ವಿಷಯಕ್ಕೂ ದೊಡ್ಡವರು ಮಾಡಬೇಕಾದ ಒಂದು ಜೋಡಿ ಕೆಲಸ ಇರುತ್ತದೆ. 'ನೀರು ಕುಡಿ' ಅಂದರೆ ಶೌಚಾಲಯ ತೆರೆದಿಡಬೇಕು. 'ಬೇಜಾರಾದರೆ ಹೇಳು' ಅಂದರೆ ಕೇಳಲು ಯಾರಾದರೂ ಇರಬೇಕು. 'ಯಾರಾದರೂ ಹೊಡೆದರೆ ತಿಳಿಸು' ಅಂದರೆ ಹೊಡೆಯುವವರು ನಾವೇ ಆಗಿರಬಾರದು. ಆ ಜೋಡಿ ಕೆಲಸ ಬಿಟ್ಟು ಬರೀ ಪಾಠ ಮಾಡಿದರೆ, ದೊಡ್ಡವರ ಜವಾಬ್ದಾರಿಯನ್ನು ಎಂಟು ವರ್ಷದ ಮಗುವಿನ ಹೆಗಲಿಗೆ ದಾಟಿಸಿದಂತೆ.

ಇದುವರೆಗೆ ಏನೇನಾಗಿದೆ ನೋಡೋಣ. ದೆಹಲಿ ಸರ್ಕಾರ 2018ರ ಜುಲೈನಲ್ಲಿ ತನ್ನ ಶಾಲೆಗಳಲ್ಲಿ 'ಹ್ಯಾಪಿನೆಸ್ ಕರಿಕ್ಯುಲಮ್' ಶುರು ಮಾಡಿತು, ದಲೈ ಲಾಮಾ ಬಂದು ಚಾಲನೆ ಕೊಟ್ಟರು. ನರ್ಸರಿಯಿಂದ ಎಂಟನೇ ಕ್ಲಾಸಿನವರೆಗೆ ಒಂದು ಪಿರಿಯಡ್. ಪರೀಕ್ಷೆ ಇರಲಿಲ್ಲ, ಮಾರ್ಕ್ಸ್ ಇರಲಿಲ್ಲ. ಕೆಲವು ನಿಮಿಷ ಕಣ್ಣು ಮುಚ್ಚಿ ಸುತ್ತಲಿನ ಶಬ್ದ ಕೇಳುವುದು, ಆಮೇಲೆ ಒಂದು ಕಥೆ, ಅದರ ಮೇಲೆ ಮಾತು. ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ತಂದಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು 'ಆರೋಗ್ಯ ಮತ್ತು ಕ್ಷೇಮ ರಾಯಭಾರಿ' ಮಾಡಿ, 11 ವಿಷಯಗಳನ್ನು ಆಟ, ಚಟುವಟಿಕೆಗಳ ಮೂಲಕ ಕಲಿಸುವುದು. ಭಾವನೆ, ಮಾನಸಿಕ ಆರೋಗ್ಯ, ಆಹಾರ, ಇಂಟರ್ನೆಟ್ ಸುರಕ್ಷತೆ ಎಲ್ಲವೂ ಅದರಲ್ಲಿದೆ. ಆದರೆ ಅದು ಮೊದಲು ಹೋಗಿದ್ದು ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ. ಒಂದರಿಂದ ಐದನೇ ಕ್ಲಾಸಿನ ಚಿಕ್ಕವರ ಸರದಿ ಆಮೇಲೆ. ನಮ್ಮಲ್ಲಿ 2022ರ ನವೆಂಬರ್‌ನಲ್ಲಿ ಅಂದಿನ ಸಚಿವ ಬಿ.ಸಿ. ನಾಗೇಶ್ ಶಾಲೆಗಳಲ್ಲಿ ದಿನಾ ಹತ್ತು ನಿಮಿಷ ಧ್ಯಾನ ಮಾಡಿಸಬೇಕು ಅಂದರು. ಆಗ ಪರ ವಿರೋಧದ ಗಲಾಟೆ ಜೋರಾಗಿ ನಡೆಯಿತು, ಬಹುತೇಕ ಧರ್ಮ ಮತ್ತು ರಾಜಕೀಯದ ಸುತ್ತ. ಹತ್ತು ನಿಮಿಷ ಸುಮ್ನೆ ಕೂರಿಸಿದರೆ ಮಗುವಿನ ಮನಸ್ಸಿಗೆ ಏನಾಗುತ್ತದೆ ಅನ್ನುವ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಆ ಪ್ರಶ್ನೆಗೆ ಸ್ವಲ್ಪ ಉತ್ತರ ಇದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತಿತರ ವಿಶ್ವವಿದ್ಯಾಲಯಗಳು ಸೇರಿ 'ಮಿರಿಯಡ್' ಅಂತ ಒಂದು ದೊಡ್ಡ ಪ್ರಯೋಗ ಮಾಡಿದವು. 85 ಶಾಲೆಗಳು, 8,000ಕ್ಕೂ ಹೆಚ್ಚು ಮಕ್ಕಳು, ಹನ್ನೊಂದರಿಂದ ಹದಿನಾಲ್ಕು ವಯಸ್ಸು. ಅರ್ಧ ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಪಾಠ, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನದಂಥ ಅಭ್ಯಾಸ, ಉಳಿದ ಕಡೆ ಮೊದಲಿಂದ ನಡೆಯುತ್ತಿದ್ದ ಮಾಮೂಲಿ ಪಾಠ. 2022ರಲ್ಲಿ ಫಲಿತಾಂಶ ಬಂತು. ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಮಾಮೂಲಿಗಿಂತ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಇದರಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಅದೇ ತರಬೇತಿ ಪಡೆದ ಶಿಕ್ಷಕರಲ್ಲಿ ಬಳಲಿಕೆ ಕಡಿಮೆಯಾಗಿತ್ತು, ಸ್ವಲ್ಪ ಕಾಲವಾದರೂ. ಶಾಲೆಯ ವಾತಾವರಣವೂ ಒಂದಿಷ್ಟು ಸುಧಾರಿಸಿತ್ತು.

ಇದನ್ನು ನಮ್ಮದೇ ದೇಶದ ಇನ್ನೊಂದು ಅಧ್ಯಯನದ ಪಕ್ಕದಲ್ಲಿಟ್ಟು ನೋಡಿ. ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹೆರ್' ಅನ್ನುವ ಕಾರ್ಯಕ್ರಮ ನಡೆಯಿತು, ಒಂಬತ್ತನೇ ಕ್ಲಾಸಿನ ಮಕ್ಕಳ ಮೇಲೆ ಅದರ ಪರಿಣಾಮವನ್ನು ಅಳೆದರು. ಗೋಡೆ ಪತ್ರಿಕೆ, ಮನಸ್ಸಿನ ಮಾತು ಬರೆದು ಹಾಕುವ ಪೆಟ್ಟಿಗೆ, ಅಸೆಂಬ್ಲಿಯಲ್ಲಿ ಮಾತುಕತೆ, ಬೇಕಾದವರಿಗೆ ಒಬ್ಬೊಬ್ಬರಾಗಿ ಆಪ್ತ ಸಲಹೆ. ಒಂದಷ್ಟು ಶಾಲೆಗಳಲ್ಲಿ ಇದನ್ನು ನಡೆಸಲು ಅದಕ್ಕಂತಲೇ ಒಬ್ಬ ಸ್ಥಳೀಯ ವ್ಯಕ್ತಿಯನ್ನು ನೇಮಿಸಿದ್ದರು, ಮನಃಶಾಸ್ತ್ರಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಯುವಕ ಯುವತಿಯರು. ಇನ್ನು ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿನ ಶಿಕ್ಷಕರೊಬ್ಬರಿಗೆ ವಹಿಸಿದರು. ಉಳಿದ ಶಾಲೆಗಳಲ್ಲಿ ಎರಡೂ ಇಲ್ಲ. 2018ರಲ್ಲಿ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಅದಕ್ಕಂತಲೇ ಒಬ್ಬರಿದ್ದ ಶಾಲೆಗಳಲ್ಲಿ ಖಿನ್ನತೆ ಕಡಿಮೆಯಾಯಿತು, ಹೊಡೆದಾಟ, ಕಾಟ ಕೊಡುವುದು ಕಡಿಮೆಯಾಯಿತು, ಶಾಲೆ ನಮ್ಮದು ಅನ್ನುವ ಭಾವನೆ ಜಾಸ್ತಿಯಾಯಿತು. ಶಿಕ್ಷಕರಿಗೇ ವಹಿಸಿದ್ದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ, ಕಾರ್ಯಕ್ರಮವೇ ಇಲ್ಲದ ಶಾಲೆಗಳಷ್ಟೇ.

ಹಾಗಂತ ಶಿಕ್ಷಕರ ಕೈಲಿ ಆಗುವುದಿಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. 2011ರಲ್ಲಿ ಅಮೆರಿಕದ ಸಂಶೋಧಕರು ಇಂಥ 213 ಕಾರ್ಯಕ್ರಮಗಳನ್ನು ಒಟ್ಟುಗೂಡಿಸಿ ನೋಡಿದ್ದರು, ಸುಮಾರು 2 ಲಕ್ಷ 70 ಸಾವಿರ ಮಕ್ಕಳು. ಭಾವನೆಗಳನ್ನು ಗುರುತಿಸುವುದು, ಸಿಟ್ಟು ನಿಭಾಯಿಸುವುದು, ಜಗಳ ಬಗೆಹರಿಸುವುದು, ಇವನ್ನೆಲ್ಲ ಕ್ರಮವಾಗಿ, ಚಟುವಟಿಕೆಗಳ ಮೂಲಕ ಕಲಿಸಿದಾಗ ನಡವಳಿಕೆಯೂ ಸುಧಾರಿಸಿತು, ಓದಿನಲ್ಲೂ ಮುಂದೆ ಬಂದರು. ಅಲ್ಲಿ ಕ್ಲಾಸಿನ ಶಿಕ್ಷಕರು ಮಾಡಿದ ಪಾಠಗಳೂ ಚೆನ್ನಾಗಿ ಫಲ ಕೊಟ್ಟಿದ್ದವು. ಹಾಗಾದರೆ ನಳಂದದಲ್ಲಿ ಯಾಕೆ ಆಗಲಿಲ್ಲ? ನನಗೆ ಅನಿಸುವುದು, ವ್ಯತ್ಯಾಸ ಇರುವುದು ಶಿಕ್ಷಕರ ಮನಸ್ಸಿನಲ್ಲಿ ಅಲ್ಲ, ಅವರ ದಿನದಲ್ಲಿ.

ನಮ್ಮ ಒಬ್ಬ ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿಯ ದಿನ ಹೇಗಿರುತ್ತದೆ ನೋಡಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ. ಬೆಳಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಿಂದವರೆಷ್ಟು ಅಂತ ಲೆಕ್ಕ. ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಎಂಟ್ರಿ. ವಾಟ್ಸಾಪ್ ಗ್ರೂಪಿನಲ್ಲಿ ಮಧ್ಯಾಹ್ನದೊಳಗೆ ಕಳಿಸಬೇಕಾದ ಫೋಟೋ. ಮತದಾರರ ಪಟ್ಟಿ ಪರಿಷ್ಕರಣೆ ಬಂದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆ ಮನೆ ಸುತ್ತಿದರು, ಅದು ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಎಷ್ಟೋ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರುವುದೇ ಒಬ್ಬ ಮೇಷ್ಟ್ರು. ಅವರು ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ನ (ಸಿಆರ್‌ಸಿ) ಮೀಟಿಂಗ್‌ಗೆ ಹೋದರೆ ಅಂದು ಶಾಲೆಯೇ ಇಲ್ಲ. ಇಂಥವರ ಕೈಗೆ 'ಮಕ್ಕಳ ಭಾವನಾತ್ಮಕ ಯೋಗಕ್ಷೇಮ' ಅಂತ ಇನ್ನೊಂದು ಕೈಪಿಡಿ ಕೊಟ್ಟು, ಆನ್‌ಲೈನ್ ತರಬೇತಿಯ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿ ಅಂದರೆ ಅವರು ಏನು ಮಾಡಬೇಕು? ಅಪ್‌ಲೋಡ್ ಮಾಡುತ್ತಾರೆ, ಅಷ್ಟೇ. ಆರರಿಂದ ಹತ್ತು ವರ್ಷದ ಮಕ್ಕಳು ಸಮಾಧಾನ ಕಲಿಯುವುದು ಸಮಾಧಾನವಾಗಿರುವ ದೊಡ್ಡವರ ಪಕ್ಕದಲ್ಲಿದ್ದು. ಶಿಕ್ಷಕಿಗೆ ಉಸಿರಾಡಲು ಪುರುಸೊತ್ತಿಲ್ಲದ ಕಡೆ ಮಕ್ಕಳಿಗೆ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಕಷ್ಟ.

ಇನ್ನು ಏನನ್ನು ಕಲಿಸಬೇಕು ಅನ್ನುವುದಕ್ಕೆ ಬರೋಣ. ಈ ವಯಸ್ಸಿಗೆ ಬೇಕಾಗಿರುವುದು ದೊಡ್ಡ ಪಟ್ಟಿಯೇನಲ್ಲ. ದೇಹ ಹೇಳುವುದನ್ನು ಕೇಳಿಸಿಕೊಳ್ಳುವುದು, ಒಳಗೆ ಆಗುತ್ತಿರುವುದಕ್ಕೆ ಒಂದು ಹೆಸರು ಕೊಡುವುದು, ತನ್ನಿಂದ ಆಗದಿದ್ದಾಗ ಯಾರನ್ನು ಕೇಳಬೇಕು ಅಂತ ತಿಳಿದಿರುವುದು. ಇಷ್ಟು ಗಟ್ಟಿಯಾದರೆ ಉಳಿದದ್ದನ್ನು ಮುಂದೆ ಕಟ್ಟಬಹುದು.

ಚಿಕ್ಕ ಮಕ್ಕಳ ಸಂಕಟ ಮೊದಲು ಕಾಣಿಸಿಕೊಳ್ಳುವುದು ಹೊಟ್ಟೆಯಲ್ಲಿ. ಸೋಮವಾರ ಬೆಳಗ್ಗೆ ಹೊಟ್ಟೆನೋವು, ಗಣಿತದ ಪಿರಿಯಡ್‌ನಲ್ಲಿ ತಲೆನೋವು. ಸುಳ್ಳು ಹೇಳುತ್ತಿದ್ದಾನೆ ಅಂತ ನಾವು ಗದರುತ್ತೇವೆ. ನೋವು ನಿಜವಾಗಿಯೂ ಇರುತ್ತದೆ, ಕಾರಣ ಮಾತ್ರ ಹೊಟ್ಟೆಯಲ್ಲಿರುವುದಿಲ್ಲ. ಅಪ್ಪ ಕುಡಿದು ಬಂದು ರಾತ್ರಿ ಗಲಾಟೆಯಾಗಿರಬಹುದು. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಅಪ್ಪ ಅಮ್ಮ ಗುಳೆ ಹೋಗಿ, ಮಗು ಅಜ್ಜಿಯ ಜೊತೆ ಉಳಿದಿರಬಹುದು. ಬೆಂಗಳೂರಿನಲ್ಲಾದರೆ ಬೆಳಗ್ಗೆ ಆರೂವರೆಗೆ ವ್ಯಾನ್ ಹತ್ತಿದ ಮಗು ಏನೂ ತಿಂದಿರುವುದಿಲ್ಲ. 'ಹೊಟ್ಟೆ ಯಾವಾಗಿಂದ ನೋಯ್ತಿದೆ? ಬೆಳಗ್ಗೆ ಏನ್ ತಿಂದೆ? ರಾತ್ರಿ ನಿದ್ದೆ ಬಂತಾ?' ಅಂತ ಮೂರು ಪ್ರಶ್ನೆ ಕೇಳುವ ಶಿಕ್ಷಕಿ ಆ ಮಗುವಿಗೆ ತನ್ನ ದೇಹವನ್ನು ಓದಲು ಕಲಿಸುತ್ತಿದ್ದಾಳೆ. ಮುಂದಿನ ಸಲ ಆ ಪ್ರಶ್ನೆಗಳನ್ನು ಮಗು ತನಗೆ ತಾನೇ ಕೇಳಿಕೊಳ್ಳುವ ಸಾಧ್ಯತೆ ಇದೆ. ಇದಕ್ಕೆ ಬೇರೆ ಪಿರಿಯಡ್ ಬೇಡ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಭಾವನೆಗಳ ಬಗ್ಗೆ ಮಾತಾಡಿಸಬೇಕು ಅಂತ ಪುಟ್ಟ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ, 'ನಿನಗೆ ತುಂಬಾ ದುಃಖವಾದ ಘಟನೆ ಹೇಳು' ಅನ್ನುವುದು ಕ್ರೌರ್ಯ. ತರಬೇತಿ ಸರಿಯಿಲ್ಲದ ಕಡೆ ಹೀಗೆ ಆಗುತ್ತದೆ. ಮಗು ಅಳುತ್ತದೆ, ಉಳಿದವರು ನೋಡುತ್ತಾರೆ, ಬೆಲ್ ಹೊಡೆಯುತ್ತದೆ, ಮುಂದಿನ ಪಿರಿಯಡ್ ಶುರು. ಮಧ್ಯಾಹ್ನದ ಹೊತ್ತಿಗೆ ಆ ವಿಷಯ ಶಾಲೆಗೆಲ್ಲ ಗೊತ್ತಾಗಿ, ಯಾರೋ ಅದನ್ನೇ ಹಿಡಿದು ಗೇಲಿ ಮಾಡುತ್ತಾರೆ. ಕಥೆಗಳು ಒಳ್ಳೆಯದಾಗುವುದು ಇದಕ್ಕೇ. ಕಥೆಯ ಪಾತ್ರಕ್ಕೆ ಏನನಿಸಿತು ಅಂತ ಕೇಳಿದರೆ, ಮಗು ತನ್ನ ಮಾತನ್ನು ಆ ಪಾತ್ರದ ಬಾಯಲ್ಲಿ ಹೇಳುತ್ತದೆ. ದೆಹಲಿಯ ಪಠ್ಯದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕಥೆಗೆ ಕೊಟ್ಟ ಈ ಜಾಗ. ಸಾಕಷ್ಟು ಮಕ್ಕಳು ಮಾತಾಡುವವರೆಗೆ ಒಂದೇ ಕಥೆಯನ್ನು ದಿನಗಟ್ಟಲೆ ಮುಂದುವರಿಸಬಹುದಿತ್ತು, ಸರಿ ಉತ್ತರ ತಪ್ಪು ಉತ್ತರ ಅಂತ ಇರಲಿಲ್ಲ. ಇನ್ನೊಂದು ಮಾತು, ಒಂದನೇ ಕ್ಲಾಸಿನ ಮಗುವಿಗೆ 'ಸ್ಟ್ರೆಸ್', 'ಡಿಪ್ರೆಶನ್' ಅನ್ನುವ ಶಬ್ದಗಳು ಬೇಡ. ಗೆಳತಿ ಇವತ್ತು ಟೂ ಬಿಟ್ಟಳು ಅಂತ ಬರುವ ಅಳು ಕಾಯಿಲೆಯಲ್ಲ. ನಾಳೆಯೊಳಗೆ ಅದು ತಾನಾಗಿ ಹೋಗುತ್ತದೆ ಅನ್ನುವುದೂ ಮಕ್ಕಳು ಕಲಿಯಬೇಕಾದ ವಿಷಯವೇ.

ಲೈಂಗಿಕ ದೌರ್ಜನ್ಯದಿಂದ ತಮ್ಮನ್ನು ಕಾಪಾಡಿಕೊಳ್ಳಲು ಕಲಿಸುವ ಸುರಕ್ಷತೆಯ ಪಾಠದ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ, ಅದು ಒಂದನೇ ಕ್ಲಾಸಿನಿಂದಲೇ ಬೇಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಅಧ್ಯಯನ ಪ್ರಕಟಿಸಿತು. ಕೇಳಿದ ಮಕ್ಕಳಲ್ಲಿ 53 ಶೇಕಡಾದಷ್ಟು ಮಂದಿ ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು, ಹುಡುಗರೂ ಸೇರಿ. ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಬಂತು. ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಹೇಳಿದರೆ ಹೆದರಿಕೊಳ್ಳುತ್ತಾರೆ, ಇಲ್ಲದ್ದನ್ನೆಲ್ಲ ತಲೆಗೆ ತುಂಬಿದಂತೆ ಆಗುತ್ತದೆ ಅಂತ ಪೋಷಕರ ಸಭೆಗಳಲ್ಲಿ ಈಗಲೂ ಕೇಳಿಬರುತ್ತದೆ. ಕಾಳಜಿಯಿಂದಲೇ ಹೇಳುವ ಮಾತು ಅದು. ಆದರೆ 2015ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಬೇರೆ ಬೇರೆ ದೇಶಗಳಲ್ಲಿ ಇಂಥ ಪಾಠಗಳ ಮೇಲೆ ನಡೆದ 24 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮಕ್ಕಳ ತಿಳಿವಳಿಕೆ ಹೆಚ್ಚಿತ್ತು, ಭಯ ಆತಂಕ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ತಮಗೆ ಆದದ್ದನ್ನು ಹೇಳಿಕೊಂಡ ಮಕ್ಕಳು ಪಾಠ ಇಲ್ಲದ ಕಡೆ ಸಾವಿರಕ್ಕೆ 4 ಮಂದಿ ಇದ್ದರೆ, ಪಾಠ ಇದ್ದ ಕಡೆ 14 ಮಂದಿ. ಆ ಹತ್ತು ಮಕ್ಕಳ ಬಗ್ಗೆ ಯೋಚಿಸಿ. ಪಾಠ ಇಲ್ಲದಿದ್ದರೆ ಅವರು ಬಾಯಿಯೇ ಬಿಡುತ್ತಿರಲಿಲ್ಲ.

ಈ ಪಾಠದಲ್ಲಿ ಒಂದು ಸರಳ ಚಟುವಟಿಕೆ ಇದೆ. ಮಗು ತನ್ನ ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತದೆ. ಒಂದೊಂದು ಬೆರಳಿನಲ್ಲಿ, ಕಷ್ಟ ಬಂದಾಗ ಹೇಳಿಕೊಳ್ಳಬಹುದಾದ ಒಬ್ಬೊಬ್ಬರ ಹೆಸರು. ಮೊದಲನೆಯವರು ನಂಬದಿದ್ದರೆ ಎರಡನೆಯವರು, ಅವರೂ ಕೇಳದಿದ್ದರೆ ಮೂರನೆಯವರು, ಯಾರಾದರೂ ನಂಬುವವರೆಗೆ ಹೇಳುತ್ತಲೇ ಇರಬೇಕು ಅಂತ ಕಲಿಸುತ್ತಾರೆ. ಯಾರೂ ಇಲ್ಲದಿದ್ದರೆ 1098, ಮಕ್ಕಳ ಸಹಾಯವಾಣಿ. ಈ ಹಾಳೆ ಮಗುವಿಗಿಂತ ಜಾಸ್ತಿ ಶಿಕ್ಷಕಿಗೆ ಉಪಯೋಗ. ಯಾವ ಮಗುವಿನ ಕೈಯಲ್ಲಿ ಒಂದೇ ಹೆಸರಿದೆ, ಯಾವ ಮಗು ಎಲ್ಲ ಬೆರಳನ್ನೂ ಖಾಲಿ ಬಿಟ್ಟಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಶಿಕ್ಷಕಿ ಏನು ಮಾಡುತ್ತಾಳೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಶುರುವಾದ 'ಸಂವಾದ್' ತಂಡ ಇಂಥ ಮಕ್ಕಳ ಜೊತೆ ಹೇಗೆ ಮಾತಾಡಬೇಕು ಅಂತ ದೇಶದಾದ್ಯಂತ ತರಬೇತಿ ಕೊಡುತ್ತಿದೆ. ಪರಿಣತಿ ನಮ್ಮ ಹೊಸೂರು ರಸ್ತೆಯಲ್ಲೇ ಇದೆ, ಅದು ಪ್ರತಿ ಕ್ಲಸ್ಟರ್‌ಗೂ ತಲುಪಬೇಕು. ಮಗು ಬಂದು ಹೇಳಿದಾಗ 'ಛೇ, ಅವರು ಹಾಗೆಲ್ಲ ಮಾಡೋರಲ್ಲ' ಅಂದುಬಿಟ್ಟರೆ, ಆ ಮಗು ಮತ್ತೆ ಯಾರ ಹತ್ತಿರವೂ ಹೋಗುವುದಿಲ್ಲ.

ಹೊಡೆಯುವ ವಿಷಯವನ್ನು ಬಿಟ್ಟು ಈ ಲೇಖನ ಬರೆದರೆ ಅದು ಪ್ರಾಮಾಣಿಕವಾಗುವುದಿಲ್ಲ. ಅದೇ 2007ರ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ 65 ಶೇಕಡಾದಷ್ಟು ಮಂದಿ ಏಟು ತಿಂದಿದ್ದಾಗಿ ಹೇಳಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. 29ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಮಗುವನ್ನು ಭಯ, ಆಘಾತ, ಆತಂಕದಿಂದ ಬಿಡಿಸಿ, ತನ್ನ ಅಭಿಪ್ರಾಯವನ್ನು ಧೈರ್ಯವಾಗಿ ಹೇಳುವಂತೆ ಮಾಡುವುದು ಪಠ್ಯಕ್ರಮದ್ದೇ ಕೆಲಸ ಅನ್ನುತ್ತದೆ. ಅಂದರೆ ಯೋಗಕ್ಷೇಮದ ಪಾಠ ಹೊಸದಾಗಿ ಬರಬೇಕಾದ ಸವಲತ್ತಲ್ಲ, ಹದಿನೈದು ವರ್ಷಕ್ಕಿಂತ ಹಳೆಯ ಕಾನೂನು ಅದು. ಆದರೂ ಕೋಲು ಪೂರ್ತಿ ಹೋಗಿಲ್ಲ, ಮಾತಿನ ಏಟಂತೂ ಹಾಗೇ ಇದೆ. 'ನಿನ್ ತಲೇಲಿ ಮಣ್ಣು ತುಂಬಿದೆ' ಅಂತ ಬೈಸಿಕೊಂಡ ಮಗು, ಅರ್ಧ ಗಂಟೆಯ ನಂತರ ಅದೇ ಶಿಕ್ಷಕರಿಂದ 'ನಿಮ್ಮನ್ನು ನೀವು ಪ್ರೀತಿಸಿ' ಅನ್ನುವ ಪಾಠ ಕೇಳಿದರೆ ಅದರಲ್ಲಿ ಯಾವುದನ್ನು ನಂಬಬೇಕು?

ಶಾಲೆಯ ಹೊರಗೆ ದೊಡ್ಡವರು ಮಾಡುವ ತೀರ್ಮಾನಗಳದ್ದೂ ಇದರಲ್ಲಿ ಪಾಲಿದೆ. 2024ರ ಮಾರ್ಚ್ ನೆನಪಿಸಿಕೊಳ್ಳಿ. ಐದನೇ ಕ್ಲಾಸಿಗೆ ಬೋರ್ಡ್ ಮಟ್ಟದ ಪರೀಕ್ಷೆ. ಮಾರ್ಚ್ 11ಕ್ಕೆ ಶುರುವಾಯಿತು, ಸುಪ್ರೀಂ ಕೋರ್ಟ್ ಆದೇಶದಿಂದ ಮಧ್ಯದಲ್ಲೇ ನಿಂತಿತು, ಹೈಕೋರ್ಟ್ ಒಪ್ಪಿದ ಮೇಲೆ 25ರಿಂದ ಮತ್ತೆ ನಡೆಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ಪುನಃ ತಡೆ ಹಾಕಿತು. ಹತ್ತು ವರ್ಷದ ಮಕ್ಕಳು. ನಾಳೆ ಪರೀಕ್ಷೆ ಇದೆಯಾ ಇಲ್ವಾ ಅಂತ ಟಿವಿ ನೋಡಿ ತಿಳಿದುಕೊಳ್ಳಬೇಕಾದ ಪರಿಸ್ಥಿತಿ. ಆ ಪರೀಕ್ಷೆ ಬೇಕಿತ್ತೋ ಬೇಡವೋ ಅನ್ನುವುದರಲ್ಲಿ ಎರಡು ಅಭಿಪ್ರಾಯ ಇರಬಹುದು. ಆದರೆ ಆ ಎರಡು ವಾರ ಮಕ್ಕಳಿಗೆ ಯಾವ ಧ್ಯಾನದಿಂದಲೂ ಸಮಾಧಾನ ಸಿಗುತ್ತಿರಲಿಲ್ಲ.

ನಿರಾಶೆಯಾಗುವಷ್ಟು ಕೆಟ್ಟದಾಗಿಲ್ಲ, ನಮ್ಮಲ್ಲಿ ಆಗಲೇ ಇರುವ ಒಳ್ಳೆಯ ವ್ಯವಸ್ಥೆಗಳೂ ಸಾಕಷ್ಟಿವೆ. ನಲಿ-ಕಲಿಯನ್ನೇ ತೆಗೆದುಕೊಳ್ಳಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕಟ್ಟಿದ ಪದ್ಧತಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ಕ್ಲಾಸುಗಳಿಗೆ ಬಂತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ತಮ್ಮ ವೇಗದಲ್ಲಿ ಕಲಿಕೆಯ ಏಣಿಯ ಮೆಟ್ಟಿಲು ಹತ್ತುತ್ತಾರೆ, ತಮ್ಮ ಚಿತ್ರ ಬರಹಗಳನ್ನು ತಲೆಯ ಮೇಲಿನ ಕಲಿಕಾ ಚಪ್ಪರಕ್ಕೆ ತಾವೇ ನೇತುಹಾಕುತ್ತಾರೆ. ಪಕ್ಕದವನಿಗಿಂತ ನೀನು ಹಿಂದೆ ಅನ್ನುವ ಮಾತು ಅಲ್ಲಿ ಅಷ್ಟಾಗಿ ಇಲ್ಲ. ಬೆಳಗ್ಗೆ ಹವಾಮಾನ ನಕ್ಷೆಯಲ್ಲಿ ಮೋಡವಾ ಬಿಸಿಲಾ ಮಳೆಯಾ ಅಂತ ಗುರುತು ಹಾಕುತ್ತಾರೆ. ಅದರ ಪಕ್ಕದಲ್ಲೇ 'ಇವತ್ತು ನನಗೆ ಹೇಗನಿಸ್ತಿದೆ' ಅಂತ ನಾಲ್ಕು ಮುಖಗಳಿರುವ ಒಂದು ಚಾರ್ಟ್ ಹಾಕಿದರೆ ಎರಡು ನಿಮಿಷದ ಕೆಲಸ. ಸತತ ಮೂರು ದಿನ ಅಳುವ ಮುಖಕ್ಕೆ ತನ್ನ ಹೆಸರಿನ ಚೀಟಿ ಸಿಕ್ಕಿಸಿದ ಮಗುವನ್ನು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು ಮಾತಾಡಿಸಬಹುದು. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಸಾಲಾಗಿ ಬೆಂಚು, ಕಪ್ಪು ಹಲಗೆ, ಪ್ರಶ್ನೋತ್ತರ. ಒಟ್ಟಿಗೆ ಕೂರುವ ಆ ಗುಂಪು ಒಡೆಯುವುದು ಅಲ್ಲಿ. ನನ್ನ ಪ್ರಕಾರ ಐದನೆಯವರೆಗೂ ದಿನದ ಮೊದಲ ಹದಿನೈದು ನಿಮಿಷವಾದರೂ ಅದು ಉಳಿಯಬೇಕು.

ಊಟವೂ ಹಾಗೇ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, 2024ರಿಂದ ವಾರದಲ್ಲಿ ಮೂರು ದಿನ ಅದರಲ್ಲಿ ರಾಗಿ ಮಾಲ್ಟ್, ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ 6 ದಿನ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಅವರೇ ಒಂದನೇ ಕ್ಲಾಸಿಗೆ ಬರುವುದು. ಹಾಗಾಗಿ ಆ ಮೊಟ್ಟೆ ಬಹಳ ಮುಖ್ಯ. ಹಸಿದ ಮಗುವಿನ ಸಿಟ್ಟು, ಮಂಕು, ಗಮನ ಇಲ್ಲದಿರುವುದು, ಇವಕ್ಕೆಲ್ಲ ಮೊದಲ ಮದ್ದು ಅದೇ. ಒಟ್ಟಿಗೆ ಕೂತು ಉಣ್ಣುವ ಆ ಅರ್ಧ ಗಂಟೆಯಲ್ಲಿ ಯಾರ ಪಕ್ಕ ಯಾರೂ ಕೂರುತ್ತಿಲ್ಲ, ಯಾರು ತಟ್ಟೆ ಮುಟ್ಟುತ್ತಿಲ್ಲ ಅಂತ ಅಡುಗೆಯ ಅಕ್ಕನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಆಕೆಯನ್ನು ಯಾವ ತರಬೇತಿಗೂ ಕರೆಯುವುದಿಲ್ಲ. ಕರೆಯಬೇಕು.

ಮಕ್ಕಳೇ ಮಂತ್ರಿಗಳಾಗುವ ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿಯ ಕೆಲಸವನ್ನೂ ಸ್ವಲ್ಪ ಬದಲಾಯಿಸಬೇಕು. ಸಾಮಾನ್ಯವಾಗಿ ಅವನು ಪ್ರಾರ್ಥನೆಯ ಹೊತ್ತಿಗೆ ಉಗುರು, ತಲೆಕೂದಲು, ಬಟ್ಟೆ ನೋಡಿ, ಕೊಳಕಾಗಿರುವವರನ್ನು ಮುಂದೆ ನಿಲ್ಲಿಸುತ್ತಾನೆ. ಅಮ್ಮ ಬೆಳಗ್ಗೆ ಐದಕ್ಕೆ ಕಾಫಿ ತೋಟಕ್ಕೋ ಗಾರ್ಮೆಂಟ್ಸ್‌ಗೋ ಹೋದ ಮನೆಯ ಮಗು ಅಲ್ಲಿ ದಿನಾ ನಿಲ್ಲುತ್ತದೆ. ಸ್ವಚ್ಛತೆಯ ಹೆಸರಲ್ಲಿ ಅದು ಕಲಿಯುವುದು ನಾಚಿಕೆ. ಶಾಲೆಯಲ್ಲಿ ಒಂದು ನೇಲ್ ಕಟರ್, ಒಂದು ಬಾಚಣಿಗೆ, ಸೋಪು ಇಟ್ಟು, 'ಬಾ, ಕತ್ತರಿಸೋಣ' ಅನ್ನುವ ಮಂತ್ರಿ ಬೇಕು.

ಪಾಪ, ಖಾಸಗಿ ಶಾಲೆಯ ಮಕ್ಕಳು ಇದರಿಂದೆಲ್ಲ ಪಾರಾಗಿದ್ದಾರೆ ಅಂತೇನಿಲ್ಲ. ಅಲ್ಲಿ ಕೌನ್ಸೆಲರ್ ಇರಬಹುದು, ಗೋಡೆ ತುಂಬಾ ಬಣ್ಣದ ಪೋಸ್ಟರ್ ಇರಬಹುದು. ಆದರೆ ಆಟದ ಮೈದಾನ ಇಲ್ಲದ ಕಟ್ಟಡ, ಎಂಟು ವರ್ಷಕ್ಕೇ ಟ್ಯೂಷನ್, ಅರ್ಥವಾಗದ ಭಾಷೆಯಲ್ಲಿ ಇಡೀ ದಿನ. ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ ಮಾತಾಡಿದರೆ ದಂಡ ಹಾಕುವ ಕಡೆ, ಮಗು ತನ್ನ ಸಂಕಟವನ್ನು ಯಾವ ಭಾಷೆಯಲ್ಲಿ ಹೇಳಬೇಕು?

ಮನೆಯ ಪಾಲು ದೊಡ್ಡದೇ, ಆದರೆ ಅದರಲ್ಲಿ ಎರಡನ್ನಷ್ಟೇ ಹೇಳುತ್ತೇನೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾ ತಜ್ಞರು. ದಿನಕ್ಕೆ 60 ನಿಮಿಷವಾದರೂ ಮೈ ದಣಿಯುವ ಆಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾತ್ರಿ ಹತ್ತೂವರೆಯವರೆಗೆ ಮೊಬೈಲ್ ಹಿಡಿದ ಮಗು ಮೊದಲನೆಯದನ್ನು ಕಳೆದುಕೊಂಡಿರುತ್ತದೆ, ಪಿ.ಟಿ. ಪಿರಿಯಡ್‌ನಲ್ಲಿ ಗಣಿತ ಮಾಡಿದ ಶಾಲೆ ಎರಡನೆಯದನ್ನು ಕಿತ್ತುಕೊಂಡಿರುತ್ತದೆ. ಬೇಗ ಮಲಗು ಅಂತ ಮಗುವಿಗೆ ಹೇಳಿ, ಅದೇ ಕೋಣೆಯಲ್ಲಿ ನಾವು ರೀಲ್ಸ್ ನೋಡುತ್ತಿದ್ದರೆ ಅದು ಮಲಗುವುದಿಲ್ಲ.

ಹಾಗಾದರೆ ಈಗ ಏನು ಮಾಡಬಹುದು? ಸರ್ಕಾರದಿಂದ ಕೇಳಬೇಕಾದದ್ದು ಮತ್ತೊಂದು ಪುಸ್ತಕವಲ್ಲ, ಜನ. ಒಂದೊಂದು ಕ್ಲಸ್ಟರ್‌ಗೆ ಒಬ್ಬರಾದರೂ, ಬೇರೆ ಯಾವ ಡ್ಯೂಟಿಯೂ ಇಲ್ಲದ, ನಳಂದದಲ್ಲಿ ಮಾಡಿದಂತೆ ತರಬೇತಿ ಪಡೆದ ಸ್ಥಳೀಯ ವ್ಯಕ್ತಿ. ನಳಂದದ ಪಾಠ ದೊಡ್ಡ ಮಕ್ಕಳದ್ದು, ಅದನ್ನು ಚಿಕ್ಕವರಿಗೆ ಹಾಗೇ ಎತ್ತಿಡಲು ಬರುವುದಿಲ್ಲ, ನಾಲ್ಕೈದು ತಾಲ್ಲೂಕುಗಳಲ್ಲಿ ಮೊದಲು ಮಾಡಿ ನೋಡಬೇಕು. ಶಿಕ್ಷಕರ ಹುದ್ದೆ ತುಂಬಬೇಕು, ಒಬ್ಬರೇ ಇರುವ ಶಾಲೆಗೆ ಇನ್ನೊಬ್ಬರು ಬೇಕು.

ಅದು ಆಗುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ನೀವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇದ್ದರೆ, ಅಥವಾ ನಿಮ್ಮ ಮಗು ಆ ಶಾಲೆಯಲ್ಲಿ ಇದ್ದರೆ, ಮುಂದಿನ ಸಭೆಯಲ್ಲಿ ಮೂರು ವಿಷಯ ಕೇಳಿ. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಕ್ಲಾಸಿನ ಮಧ್ಯೆ ಮಗು ಹೋಗಬೇಕೆಂದರೆ ಬಿಡುತ್ತಾರಾ. ಮಕ್ಕಳು ಬರೆದು ಹಾಕುವ ಪೆಟ್ಟಿಗೆ ಇದೆಯಾ, ಅದನ್ನು ಕೊನೆಯ ಸಲ ಯಾರು ಯಾವಾಗ ತೆರೆದರು. ಈ ಶಾಲೆಯಲ್ಲಿ ಕೋಲು ಇದೆಯಾ. ನವೆಂಬರ್ ಹೊತ್ತಿಗೆ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಾತಾಡುವ ಮಗುವಿಗೆ ಸಾಮಾನ್ಯವಾಗಿ ಭಾಷಣ ಬರೆದು ಕೊಟ್ಟು ಬಾಯಿಪಾಠ ಮಾಡಿಸುತ್ತೇವೆ. ಈ ಸಲ ಬರೆದು ಕೊಡಬೇಡಿ. ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳೇ ತಮಗೆ ಏನು ಬೇಕು ಅಂತ ಹೇಳಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ಅಲ್ಲೇ ನಡಾವಳಿಯಲ್ಲಿ ಬರೆಯಲಿ. ಚಿಲಕ ಅಂದರೆ ಚಿಲಕ ಅಂತಲೇ.